ಸಕ್ಕರೆಯ ಮೈದಾನ

ಅಡಿಗೆಮನೆಯ ವಿಷಯವನ್ನು ಕುರಿತು ಬರೆಯುವ ಅಧಿಕಾರ ನನಗಿಲ್ಲವೆಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ಮೂವತ್ತೆರಡು ವರ್ಷಗಳ ಕಾಲ ಹೈಸ್ಕೂಲಿನ ಹುಡುಗರಿಗೆ ಭೌತಶಾಸ್ತ್ರವನ್ನು ಹೇಳಿಕೊಟ್ಟು, ಗುರುತ್ವಕೇಂದ್ರವೆಂದರೇನು, ಭಾರವು ಆಧಾರದ ಮೇಲೆ ಹೇಗೆ ನಿಲ್ಲುತ್ತದೆ ಎಂಬುದನ್ನು ಕರಿಯ ಹಲಗೆಯ ಮೇಲೆ ಬರೆದು ಬರೆದು, ಸೀಮೆಸುಣ್ಣದ ಪುಡಿಯನ್ನು ಸಾಕಷ್ಟು ನುಂಗಿದವನು ನಾನು. ಆ ಕಾಲದಲ್ಲೆಲ್ಲ ಅಡಿಗೆಮನೆಗೂ ನನಗೂ ಇದ್ದ ಸಂಬಂಧವು ಹೊಸ್ತಿಲಿನ ಈಚೆಯದೇ ಹೊರತು ಆಚೆಯದಲ್ಲ. ಹೀಗಿರುವಲ್ಲಿ, ಎರಡು ಅಂತಸ್ತಿನ ಕೇಕೊಂದನ್ನು ಕಟ್ಟಿ ನಿಲ್ಲಿಸಿ ಅದರ ಮೇಲೆ ಹಾಕಿಯ ಮೈದಾನವನ್ನು ರಚಿಸಿದ ವೃತ್ತಾಂತವನ್ನು ನಾನು ಹೇಳಹೊರಟರೆ, ನನ್ನನ್ನು ಬಲ್ಲವರು ನಗಬಹುದು. ನಗಲಿ. ಆ ಕೆಲಸದಲ್ಲಿ ನಾನು ಕಲಿತುದು ಕೇಕಿನ ಸಂಗತಿಯಷ್ಟೇ ಆಗಿದ್ದರೆ ಬರೆಯುವ ಗೋಜಿಗೆ ಹೋಗುತ್ತಿರಲಿಲ್ಲ.

ನಮ್ಮ ಕೊಡಗಿನಲ್ಲಿ ಕೇಕೂ ಹಾಕಿಯೂ ಪರದೇಶದಿಂದ ಬಂದ ಅತಿಥಿಗಳು. ಬಂದವು ಮನೆಯವರೇ ಆಗಿ ಕುಳಿತುಬಿಟ್ಟಿವೆ. 1834ರಲ್ಲಿ ಇಂಗ್ಲಿಷರು ಈ ನಾಡನ್ನು ಕೈವಶಮಾಡಿಕೊಂಡ ಮೇಲೆ ಕಾಫಿತೋಟಗಳ ಬಂಗಲೆಗಳಿಂದ ಒಂದು ಬಂದಿತು. ಸೈನ್ಯದ ಪಾಳೆಯಗಳಿಂದ ಇನ್ನೊಂದು ಬಂದಿತು. ನಮ್ಮ ಕಾಫಿಯ ಮೂಟೆಗಳು ಘಟ್ಟವನ್ನಿಳಿದು ಹಡಗು ಹತ್ತುತ್ತಿದ್ದ ತಲಚೇರಿಯಲ್ಲಿ ಕೇಕಿನ ಒಂದು ಕಥೆಯಿದೆ. ಬರ್ಮಾದಲ್ಲಿ ಬಿಸ್ಕತ್ತಿನ ಕೆಲಸವನ್ನು ಕಲಿತು ಬಂದಿದ್ದ ಮಾಂಬಳ್ಳಿ ಬಾಪು ಎಂಬವರ ಅಂಗಡಿಗೆ ಮರ್ಡಾಕ್ ಬ್ರೌನ್ ಎಂಬ ತೋಟದ ದೊರೆಯೊಬ್ಬನು 1883ರಲ್ಲಿ ಬಂದು, ವಿಲಾಯತಿಯ ಕೇಕೊಂದನ್ನು ಮುಂದಿಟ್ಟು, ಕ್ರಿಸ್ಮಸ್ಸಿಗೆ ಇಂಥದನ್ನೇ ಮಾಡಿಕೊಡೆಂದು ಕೇಳಿದನಂತೆ. ಬಾಪುವು ಊರಿನ ಸಾಮಗ್ರಿಯಿಂದಲೇ ಅದನ್ನು ಮಾಡಿಕೊಟ್ಟು ದೊರೆಯನ್ನು ಮೆಚ್ಚಿಸಿದರೆಂದು ಆ ಊರಿನವರು ಈಗಲೂ ಹೆಮ್ಮೆಯಿಂದ ಹೇಳುತ್ತಾರೆ. ಅಲ್ಲಿಂದ ಘಟ್ಟವನ್ನು ಹತ್ತಿ ಬರುವುದು ಕೇಕಿಗೆ ದೂರದ ಪ್ರಯಾಣವೇನೂ ಆಗಿರಲಾರದು.

ಹಾಕಿಯ ಮಾತನ್ನಂತೂ ನಮ್ಮ ಜಿಲ್ಲೆಯ ವಾಚಕರಿಗೆ ವಿವರಿಸಬೇಕಾಗಿಲ್ಲ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ ಕೊಡವ ಒಕ್ಕಗಳ ನಡುವೆ ಪಂದ್ಯಗಳನ್ನು ಏರ್ಪಡಿಸಿದಾಗ ಬಂದ ತಂಡಗಳು 60. 2024ರಲ್ಲಿ ನಾಪೋಕ್ಲುವಿನಲ್ಲಿ ಸೇರಿದ ತಂಡಗಳು 360. ವರ್ಷಕ್ಕೊಂದು ಒಕ್ಕದವರು ಆ ಉತ್ಸವದ ಭಾರವನ್ನು ಹೊರುತ್ತಾರೆ. ಒಂದೇ ತಂಡದಲ್ಲಿ ಅಜ್ಜನೂ ಮೊಮ್ಮಗಳೂ ಕೋಲು ಹಿಡಿದು ನಿಲ್ಲುವುದನ್ನು ಬೇರೆಲ್ಲಿಯೂ ನಾನು ಕಂಡಿಲ್ಲ. ಹೋದ ಬೇಸಗೆಯಲ್ಲಿ ನಮ್ಮ ಒಕ್ಕದ ತಂಡದಲ್ಲಿ ನನ್ನ ಮೊಮ್ಮಗಳೂ ಇದ್ದಳು. ಆಡಿದುದು ಎಂಟೇ ನಿಮಿಷ. ಚೆಂಡು ಅವಳ ಕೋಲಿಗೆ ತಗಲಿದುದು ಎರಡು ಸಾರಿ. ತಂಡವು ಮೊದಲ ಪಂದ್ಯದಲ್ಲಿಯೇ ಸೋತಿತು. ಆದರೇನು, ಆ ಎಂಟು ನಿಮಿಷಗಳ ವರ್ಣನೆಯು ನಮ್ಮ ಮನೆಯಲ್ಲಿ ಎಂಟು ದಿನ ನಡೆಯಿತು. ಅದೇ ತಿಂಗಳಿನಲ್ಲಿ ಅವಳಿಗೆ ಹನ್ನೆರಡು ತುಂಬುವ ಹುಟ್ಟುಹಬ್ಬವೂ ಬಂದಿತು.

ಇಲ್ಲಿ ನನ್ನಾಕೆಯ ಮಾತನ್ನು ಹೇಳಬೇಕು. ನಮಗೆ ಮದುವೆಯಾದ ಹೊಸತರಲ್ಲಿ ಮನೆಯಲ್ಲಿ ಒಲೆಯಲ್ಲದೆ ಬೇರೆ ಸಾಧನವಿರಲಿಲ್ಲ. ಆಕೆಯು ದಪ್ಪ ತಳದ ಪಾತ್ರೆಯೊಂದಕ್ಕೆ ಮರಳು ಹಾಕಿ, ಅದರೊಳಗೆ ಕೇಕಿನ ತಟ್ಟೆಯನ್ನಿಟ್ಟು, ಮುಚ್ಚಳದ ಮೇಲೆ ಕೆಂಡವನ್ನು ಹರಡಿ, ಕೆಳಗಿನ ಬೆಂಕಿಯನ್ನೂ ಮೇಲಿನ ಬೆಂಕಿಯನ್ನೂ ಬರಿಯ ಕೈಯ ಅಂದಾಜಿನಿಂದ ಸರಿದೂಗಿಸಿ, ಹದವಾಗಿ ಬೇಯಿಸುತ್ತಿದ್ದಳು. ಅನಂತರ ವಿದ್ಯುತ್ತಿನ ಅವೆನ್ ಬಂದಿತು. ನಲವತ್ತು ವರ್ಷ ಮಕ್ಕಳ ಹುಟ್ಟುಹಬ್ಬಗಳಿಗೆ, ನೆಂಟರ ಮದುವೆಗಳಿಗೆ, ನೆರೆಯವರ ಕ್ರಿಸ್ಮಸ್ಸಿಗೆ ಆಕೆಯ ಕೇಕು ಹೋಗದ ವರ್ಷವಿಲ್ಲ. ನಾನು ಅದನ್ನು ತಿಂದೆನು. ಚೆನ್ನಾಗಿದೆಯೆಂದು ಕೆಲವೊಮ್ಮೆ ಹೇಳಿಯೂ ಇರಬಹುದು.

ಎರಡು ವರ್ಷಗಳಿಂದ ಆಕೆ ಕೇಕು ಮಾಡುವುದನ್ನು ಬಿಟ್ಟಿದ್ದಳು. ಕೇಳಿದರೆ, ‘ಸಾಕೆನಿಸಿತು’ ಎಂದಿದ್ದಳು. ನಾನೂ ಸಾಕೆನಿಸಿರಬಹುದೆಂದು ಸುಮ್ಮನಾದೆನು. ಅದೇ ಎರಡು ವರ್ಷಗಳಿಂದ ಬೆಳಗಿನ ಕಾಫಿಯು ನನಗೆ ಅರ್ಧ ಲೋಟವೇ ಬರುತ್ತಿದ್ದಿತು. ಕಾಫಿ ಬೆಳೆಯುವ ನಾಡಿನಲ್ಲಿದ್ದು ಕಾಫಿಗೆ ಹೀಗೆ ಬರಗಾಲವೇ ಎಂದು ನಾನು ನೆಂಟರಿಷ್ಟರ ಮುಂದೆ ಹಾಸ್ಯಮಾಡುತ್ತಿದ್ದೆನು, ಅವರು ನಗುತ್ತಿದ್ದರು, ಆಕೆಯೂ ನಗುತ್ತಿದ್ದಳು. ಹೋದ ಮಾಗಿಯಲ್ಲಿ ಮಗಳು ರಜೆಗೆ ಬಂದವಳು ಎರಡು ದಿನ ನೋಡಿ ಮೂರನೆಯ ದಿನ ನನ್ನನ್ನು ಅಂಗಳಕ್ಕೆ ಕರೆದು, ‘ಅಪ್ಪ, ಅಮ್ಮನ ಕೈ ನಡುಗುತ್ತದೆ. ತುಂಬಿದ ಲೋಟವನ್ನು ಹಿಡಿದರೆ ಚೆಲ್ಲುತ್ತದೆ. ನಿಮಗೆ ಕಾಣಲಿಲ್ಲವೆ?’ ಎಂದು ಕೇಳಿದಳು. ನನಗೆ ಕಂಡಿರಲಿಲ್ಲ. ವೈದ್ಯರು ಪರೀಕ್ಷಿಸಿ, ಸುಮ್ಮನಿರುವಾಗ ಈ ಕೈ ನಡುಗದು, ಕೆಲಸಕ್ಕೆ ತೊಡಗಿದೊಡನೆ ನಡುಗುವುದು, ಪ್ರಾಣಕ್ಕೆ ಅಪಾಯವೇನೂ ಇಲ್ಲ, ಔಷಧದಿಂದ ಸ್ವಲ್ಪ ತಗ್ಗೀತು, ಪೂರ್ತಿಯಾಗಿ ಹೋಗುವುದೆಂದು ಹೇಳಲಾರೆ ಎಂದರು. ಮಡಿಲಲ್ಲಿಟ್ಟಾಗ ಶಾಂತವಾಗಿರುವ ಕೈಯನ್ನೇ ನಾನು ನೋಡುತ್ತಿದ್ದುದು. ಕೆಲಸಮಾಡುವ ಕೈಯನ್ನು ನೋಡುವ ಅಭ್ಯಾಸವೇ ನನಗಿರಲಿಲ್ಲ.

ಹುಟ್ಟುಹಬ್ಬಕ್ಕೆ ಪೇಟೆಯ ಬೇಕರಿಯಿಂದ ಕೇಕನ್ನು ತರಿಸುವುದೆಂದು ಸೊಸೆಯು ನಿಶ್ಚಯಿಸಿದ್ದಳು. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಮೊಮ್ಮಗಳು, ‘ಹಾಕಿಯ ಮೈದಾನದ ಕೇಕನ್ನು ಅಜ್ಜಿಯೇ ಮಾಡಬೇಕು’ ಎಂದುಬಿಟ್ಟಳು. ಮಗುವಿಗೆ ಯಾರೂ ಏನನ್ನೂ ಹೇಳಿರಲಿಲ್ಲ. ಒಂದು ಕ್ಷಣ ಮನೆಯೆಲ್ಲ ಮೌನವಾಯಿತು. ನನ್ನಾಕೆ ತನ್ನ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡುದನ್ನು ಆ ದಿನ ನಾನು ಕಂಡೆನು. ಏನು ಮಾಡುತ್ತಿದ್ದೇನೆಂಬುದನ್ನು ಯೋಚಿಸುವುದಕ್ಕೆ ಮುಂಚೆಯೇ, ‘ಅಜ್ಜಿ ಹೇಳುತ್ತಾಳೆ, ನಾನು ಮಾಡುತ್ತೇನೆ’ ಎಂದೆನು. ಮೊಮ್ಮಗಳಿಗೆ ನಂಬಿಕೆ ಬರಲಿಲ್ಲ. ಅಜ್ಜಿಗೂ ಬರಲಿಲ್ಲವೆಂದು ತೋರುತ್ತದೆ.

ಆಕೆಯ ಕೇಕು ಹಳೆಯ ಪೌಂಡ್ ಕೇಕಿನ ವರ್ಗಕ್ಕೆ ಸೇರಿದುದು: ಹಿಟ್ಟು, ಬೆಣ್ಣೆ, ಸಕ್ಕರೆ, ಮೊಟ್ಟೆ ಈ ನಾಲ್ಕೂ ಸಮತೂಕ. ಒಂದೊಂದು ಪೌಂಡು ಹಾಕುತ್ತಿದ್ದುದರಿಂದಲೇ ಅದಕ್ಕೆ ಆ ಹೆಸರು ಬಂದಿತು. ಹತ್ತಿಯಂತೆ ಹಗುರವಾದ ಸ್ಪಂಜಿನ ಕೇಕು ತಿನ್ನಲು ಸೊಗಸಾದರೂ ಮೇಲೊಂದು ಅಂತಸ್ತನ್ನು ಹೊರಬೇಕಾದಾಗ ಕುಸಿಯುತ್ತದೆ. ಕಟ್ಟಡಕ್ಕೆ ಬೆಣ್ಣೆಯ ಕೇಕೇ ಸರಿಯೆಂದು ಆಕೆಯ ಮತ. ನಮ್ಮ ಅವೆನ್ನಿನಲ್ಲಿ ದೊಡ್ಡ ತಟ್ಟೆ ಹಿಡಿಯದು. ಆದುದರಿಂದ ಹತ್ತು ಅಂಗುಲ ಉದ್ದ, ಏಳು ಅಂಗುಲ ಅಗಲದ ಎರಡು ಕೇಕುಗಳನ್ನು ಬೇಯಿಸಿ, ಜೋಡಿಸಿ, ಹದಿನಾಲ್ಕು ಅಂಗುಲದ ತಳವನ್ನು ಮಾಡುವುದೆಂದೂ, ಅದರ ಹಿಂಭಾಗದಲ್ಲಿ ಐದು ಅಂಗುಲದ ದುಂಡನೆಯ ಮೇಲಂತಸ್ತನ್ನು ನಿಲ್ಲಿಸುವುದೆಂದೂ ತೀರ್ಮಾನವಾಯಿತು. ತಳದ ಒಂದೊಂದು ಕೇಕಿಗೆ ನಾಲ್ಕೂ ವಸ್ತುಗಳು 400 ಗ್ರಾಂ, ಎಂದರೆ ಮೊಟ್ಟೆಗಳು ಎಂಟು. ಮೇಲಿನದಕ್ಕೆ 150 ಗ್ರಾಂ, ಮೊಟ್ಟೆಗಳು ಮೂರು.

ಬೆಣ್ಣೆಯನ್ನೂ ಸಕ್ಕರೆಯನ್ನೂ ಸೇರಿಸಿ ನಾದುವುದು ಬರಿಯ ಬೆರಕೆಯ ಕೆಲಸವೆಂದು ನಾನು ತಿಳಿದಿದ್ದೆನು. ಸಕ್ಕರೆಯ ಹರಳುಗಳು ಬೆಣ್ಣೆಯಲ್ಲಿ ಸಾವಿರ ಸಣ್ಣ ಗಾಳಿಗೂಡುಗಳನ್ನು ಕೊರೆಯುತ್ತವೆ. ಒಳಗಿನ ಗಾಳಿಯು ಶಾಖಕ್ಕೆ ಹಿಗ್ಗುವುದರಿಂದಲೇ ಕೇಕು ಉಬ್ಬುತ್ತದೆ. ಈ ನಿಯಮವನ್ನು ನಾನು ಪ್ರತಿವರ್ಷವೂ ತರಗತಿಯಲ್ಲಿ ಹೇಳಿದ್ದೇನೆ. ಬಟ್ಟಲಿನೊಳಗೆ ಅದನ್ನು ಕಂಡುದು ಇದೇ ಮೊದಲು. ‘ಇನ್ನೂ ಆಗಲಿಲ್ಲ, ಹಳದಿ ಬಿಳಿಚಬೇಕು’ ಎಂದು ಆಕೆ ಹಿಂದಿನಿಂದ ಹೇಳುತ್ತಿದ್ದಳು. ರಟ್ಟೆ ಸೋತಿತು. ‘ನಲವತ್ತು ವರ್ಷ ಹೀಗೆಯೇ ಮಾಡಿದೆಯಾ?’ ಎಂದೆನು. ‘ಮೊದಲ ಇಪ್ಪತ್ತು ವರ್ಷ ಮರದ ಸೌಟಿನಲ್ಲಿ’ ಎಂದಳು.

ಅವೆನ್ನಿನಲ್ಲಿ ತಟ್ಟೆಯ ಅಂಚು ಬೇಗ ಕಾದು ಅಲ್ಲಿಯ ಹಿಟ್ಟು ಮೊದಲು ಗಟ್ಟಿಯಾಗುತ್ತದೆ. ನಡುವಿನದು ಏರುತ್ತಲೇ ಇದ್ದು ಗೋಪುರವಾಗುತ್ತದೆ. ಆ ಗೋಪುರವನ್ನು ಮರುದಿನ, ಕೇಕು ಪೂರ್ತಿಯಾಗಿ ತಣಿದ ಮೇಲೆ, ಉದ್ದನೆಯ ಗರಗಸದಂಥ ಚೂರಿಯಿಂದ ಸಮನಾಗಿ ಕೊಯ್ಯಬೇಕು. ಬಿಸಿಯಿರುವಾಗ ಕೊಯ್ದರೆ ಪುಡಿಯಾದೀತು. ಕೊಯ್ದ ಚೂರುಗಳಿಗೆ ಕೈಯೊಡ್ಡಿದ ಮೊಮ್ಮಗಳಿಗೆ ಒಂದು ಪಾಲನ್ನು ಕೊಟ್ಟು, ಉಳಿದುದನ್ನು ಪುಡಿಮಾಡಿ ಬೆಣ್ಣೆಯ ಲೇಪದಲ್ಲಿ ಕಲಸಿ, ನಿಜವಾದ ಹಾಕಿಯ ಚೆಂಡಿನಷ್ಟೇ ಗಾತ್ರದ ಉಂಡೆಯನ್ನು ಮಾಡಿದೆವು. ಅದಕ್ಕೆ ಬಿಳಿಯ ಸಕ್ಕರೆಯ ಹಾಳೆಯನ್ನು ಹೊದಿಸಿದೊಡನೆ ಚೆಂಡು ಸಿದ್ಧವಾಯಿತು.

ಮೈದಾನದ ಲೆಕ್ಕವು ನನ್ನ ಪಾಲಿಗೆ ಬಂದಿತು. ಹಾಕಿಯ ಬಯಲು 91.4 ಮೀಟರು ಉದ್ದ, 55 ಮೀಟರು ಅಗಲ. ಕೇಕಿನ ಹತ್ತು ಅಂಗುಲವನ್ನು 55 ಮೀಟರೆಂದು ಹಿಡಿದರೆ ಅರ್ಧ ಬಯಲಿಗೆ ಎಂಟೂಕಾಲು ಅಂಗುಲ ಸಾಕು. ಹಿಂದೆ ಮೇಲಂತಸ್ತಿಗೆ ಸ್ಥಳ ಉಳಿಯುತ್ತದೆ. ಮೂರು ಮೀಟರು ಅರವತ್ತಾರು ಸೆಂಟಿಮೀಟರು ಅಗಲದ ಗೋಲು ಕೇಕಿನ ಮೇಲೆ ಒಂದೂ ಮುಕ್ಕಾಲು ಸೆಂಟಿಮೀಟರಿಗೂ ಕಡಮೆಯಾಗುತ್ತದೆ. ನಾನು ಕಾಗದದ ಮೇಲೆ ಇದನ್ನೆಲ್ಲ ಬರೆದು, ಗೋಲಿನ ಮುಂದೆ ಕೈವಾರದಿಂದ ಚೆಂದವಾದ ಅರ್ಧವೃತ್ತವನ್ನೆಳೆದೆನು. ಮೊಮ್ಮಗಳು ನೋಡಿ ನಕ್ಕುಬಿಟ್ಟಳು. ‘ಅಜ್ಜಾ, ಅದು ಅರ್ಧವೃತ್ತವಲ್ಲ. ಎರಡು ಗೋಲುಗಂಬಗಳಿಂದ ಎರಡು ಕಾಲುವೃತ್ತಗಳು; ನಡುವೆ ಗೋಲಿನಷ್ಟೇ ಅಗಲದ ನೇರವಾದ ಗೆರೆ!’ ಅವಳು ಹೇಳಿದುದೇ ಸರಿ. ತ್ರಿಜ್ಯವು 14.63 ಮೀಟರು. ಐವತ್ತು ವರ್ಷಗಳಿಂದ ಆಟವನ್ನು ನೋಡುತ್ತಿದ್ದರೂ ಆ ನೇರಗೆರೆಯು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಕಣ್ಣಿಗೆ ಬೀಳದಿರುವುದರಲ್ಲಿ ನನಗೆ ವಿಶೇಷವಾದ ನೈಪುಣ್ಯವಿರಬೇಕು.

ಮುಂದಿನ ವಿವಾದವು ಬಣ್ಣದ್ದು. ಮೈದಾನ ನೀಲಿಯಾಗಿರಬೇಕೆಂದು ಮೊಮ್ಮಗಳ ಹಟ. 2012ರ ಲಂಡನ್ ಒಲಿಂಪಿಕ್ಸಿನಲ್ಲಿ ನೀಲಿಯ ಹಾಸು ಬಂದುದರಿಂದ ಮುಂದೆ ಅವಳು ದೂರದರ್ಶನದಲ್ಲಿ ಕಂಡುದೆಲ್ಲ ನೀಲಿಯೇ. ಬಯಲೆಂದರೆ ಹುಲ್ಲು, ಹುಲ್ಲೆಂದರೆ ಹಸುರು ಎಂದು ಅಜ್ಜಿಯ ವಾದ. ಮಗುವಿನ ಹಬ್ಬವಾದುದರಿಂದ ನೀಲಿಗೇ ಗೆಲುವಾಯಿತು. ಅರ್ಧ ಕಿಲೋ ಬೆಣ್ಣೆಗೆ ಒಂದು ಕಿಲೋ ಸಣ್ಣ ಸಕ್ಕರೆಪುಡಿಯನ್ನು ಸೇರಿಸಿ ನಾದಿ, ನೀಲಿಯ ಬಣ್ಣವನ್ನು ತೊಟ್ಟುತೊಟ್ಟಾಗಿ ಹಾಕಿದೆನು. ನಾದಿದಂತೆಲ್ಲ ಅದು ಹಸುರಾಗುತ್ತ ಹೋಯಿತು! ಬೆಣ್ಣೆಯಲ್ಲಿ ಸಹಜವಾದ ಹಳದಿಯಿದೆ. ಹಳದಿಯೊಡನೆ ನೀಲಿ ಕೂಡಿದರೆ ಹಸುರಲ್ಲದೆ ಬೇರೇನಾದೀತು? ‘ಬೆಣ್ಣೆಯೇ ತೀರ್ಪು ಹೇಳಿತು’ ಎಂದು ನನ್ನಾಕೆ ಮುಗುಳ್ನಕ್ಕಳು. ಆಕೆಗೆ ಇದು ಮೊದಲೇ ತಿಳಿದಿದ್ದಿತೆಂಬುದರಲ್ಲಿ ನನಗೆ ಸಂದೇಹವಿಲ್ಲ. ಮೊಮ್ಮಗಳು ಯೋಚಿಸಿ, ತಾನು ಆಡಿದ ಬಯಲು ನೀಲಿಯಾಗಿರಲಿಲ್ಲವೆಂದು ಒಪ್ಪಿಕೊಂಡಳು.

ಕೇಕಿನ ಮೈಗೆ ಮೊದಲು ತೆಳುವಾದ ಒಂದು ಲೇಪವನ್ನು ಕೊಟ್ಟು ತಣ್ಣಗಿಡಬೇಕು. ಪುಡಿಯೆಲ್ಲ ಅದರಲ್ಲಿ ಅಂಟಿ ನಿಂತುಬಿಡುವುದರಿಂದ ಮೇಲಿನ ಲೇಪವು ನುಣುಪಾಗಿ ಬರುತ್ತದೆ. ಇಷ್ಟನ್ನೂ ಮಾಡಿ, ಮೇಲಂತಸ್ತನ್ನು ಅದರ ರಟ್ಟಿನ ತಟ್ಟೆಯೊಡನೆ ಎತ್ತಿ ತಳದ ಮೇಲಿಟ್ಟು ಬೀಗಿದೆನು. ‘ಒಳಗೆ ಕಂಬಗಳನ್ನು ಇಡಬೇಕು’ ಎಂದು ಆಕೆ ಹೇಳಿದಳು. ಬೆಣ್ಣೆಯ ಕೇಕು ಗಟ್ಟಿಯಾಗಿದೆ, ಮೇಲಿನದರ ತೂಕ ಒಂದು ಕಿಲೋಗಿಂತ ಹೆಚ್ಚಿಲ್ಲ, ಕಂಬವೇಕೆ ಎಂದು ನಾನು ವಾದಿಸಿದೆನು. ಆಕೆ ಮತ್ತೆ ಹೇಳಲಿಲ್ಲ. ಹೇಳಿದುದನ್ನು ಎರಡನೆಯ ಸಲ ಹೇಳದಿರುವುದು ಆಕೆಗೆ ನಮ್ಮ ಮನೆಯಲ್ಲಿ ಬಂದ ಅಭ್ಯಾಸ.

ಬೆಳಗ್ಗೆ ಎದ್ದು ನೋಡಿದರೆ ಮೇಲಂತಸ್ತು ಒಂದು ಮಗ್ಗುಲಿಗೆ ಬೆರಳಿನ ಅಗಲದಷ್ಟು ಹೂತುಹೋಗಿ, ಮಳೆಗಾಲದ ಬೇಲಿಗೂಟದಂತೆ ವಾಲಿ ನಿಂತಿದ್ದಿತು. ತಳದ ಮೇಲ್ಮೈಯನ್ನು ನಾನು ಸಮನಾಗಿ ಕೊಯ್ದಿರಲಿಲ್ಲ. ತಗ್ಗಿನ ಕಡೆಗೆ ಭಾರ ಸರಿಯಿತು. ಭಾರ ಸರಿದಷ್ಟೂ ತಗ್ಗು ಹೆಚ್ಚಿತು. ಗುರುತ್ವಕೇಂದ್ರದ ಪಾಠವನ್ನು ಹೇಳಿದವನ ಮನೆಯಲ್ಲಿ ಆ ಪಾಠವು ಹೀಗೆ ಪ್ರತ್ಯಕ್ಷವಾಯಿತು. ಹುಟ್ಟುಹಬ್ಬ ಆ ದಿನದ ಸಂಜೆಗೆ. ನಾನು ಬೇಕರಿಗೆ ಹೋಗಲೇ ಎಂದು ಕೇಳಿದೆನು. ‘ಕೂತುಕೊಳ್ಳಿ’ ಎಂದಳು.

ಅಗಲವಾದ ಎರಡು ದೋಸೆಯ ಸಟ್ಟುಗಗಳನ್ನು ಎದುರುಬದಿರಾಗಿ ತೂರಿಸಿ ಮೇಲಂತಸ್ತನ್ನು ಎತ್ತಿ ಕೆಳಗಿಟ್ಟೆನು. ತಗ್ಗಿದ ಕಡೆಗೆ ಕೇಕಿನ ಚೂರನ್ನೂ ಲೇಪವನ್ನೂ ತುಂಬಿ ಸಮಮಾಡಿದೆನು. ಆಮೇಲೆ ಬಿದಿರಿನ ಕಡ್ಡಿಗಳು. ಒಂದನ್ನು ಕೇಕಿನ ತಳದ ತನಕ ಚುಚ್ಚಿ, ಮೇಲ್ಮೈಗೆ ಸರಿಯಾಗಿ ಗುರುತುಮಾಡಿ ಹೊರತೆಗೆದು, ಅದೇ ಅಳತೆಗೆ ಐದು ಕಡ್ಡಿಗಳನ್ನು ಕತ್ತರಿಸಬೇಕು. ಒಂದು ಉದ್ದ, ಒಂದು ಗಿಡ್ಡವಾದರೆ ಕೆಲಸ ಕೆಟ್ಟಿತು. ಅವನ್ನು ಕುದಿಯುವ ನೀರಿನಲ್ಲಿ ತೊಳೆದು ಒರೆಸಿ, ಮೇಲಂತಸ್ತಿನ ಅಂಚಿಗಿಂತ ಒಂದು ಅಂಗುಲ ಒಳಗೆ ನಾಲ್ಕು, ನಡುವೆ ಒಂದು, ಹೀಗೆ ನೆಟ್ಟಗೆ ಇಳಿಸಿದೆನು. ಈಗ ಮೇಲಿನ ರಟ್ಟು ಕುಳಿತುಕೊಳ್ಳುವುದು ಈ ಕಡ್ಡಿಗಳ ತಲೆಯ ಮೇಲೆ. ಕಡ್ಡಿಗಳು ನಿಂತಿರುವುದು ಕೆಳಗಿನ ಹಲಗೆಯ ಮೇಲೆ. ನಡುವಿನ ಮೆತ್ತನೆಯ ಕೇಕಿಗೆ ಭಾರವೇ ತಗಲುವುದಿಲ್ಲ. ನಮ್ಮ ಐನ್‌ಮನೆಯ ಮಾಡು ಗೋಡೆಯ ಮೇಲಲ್ಲ, ಕಂಬದ ಮೇಲೆ ನಿಂತಿದೆಯಲ್ಲವೆ? ಹೊರಗಿನಿಂದ ನೋಡಿದವರಿಗೆ ಕೇಕೇ ಕೇಕನ್ನು ಹೊತ್ತಂತೆ ಕಾಣುತ್ತದೆ. ಹೊರುವುದು ಮಾತ್ರ ಕಾಣದಿರುವ ಐದು ಕಡ್ಡಿಗಳು. ತುಂಡುಮಾಡುವಾಗ ಅವನ್ನು ಎಣಿಸಿ ತೆಗೆಯಬೇಕೆಂಬುದನ್ನೂ ಆಕೆ ಹೇಳಿಕೊಟ್ಟಳು.

ಮೇಲಂತಸ್ತಿನ ತಲೆಯ ಮೇಲೆ ಚೆಂಡೂ ಅದರ ಇಕ್ಕೆಲಗಳಲ್ಲಿ ಎರಡು ಕೋಲುಗಳೂ ಇರಬೇಕಾಗಿದ್ದಿತು. ಸಕ್ಕರೆಯ ಹಾಳೆಯಿಂದ ಕೋಲುಗಳನ್ನು ಮೂರು ದಿನ ಮುಂಚೆಯೇ ಮಾಡಿ ಒಣಗಲಿಟ್ಟಿದ್ದೆನು. ಆದರೆ ನಮ್ಮ ಬೆಟ್ಟದ ಹವೆಯನ್ನು ವಾಚಕರು ಬಲ್ಲರು. ಹೂಮಳೆ ಬಿದ್ದು ಮಂಜು ಮುಸುಕಿದ ಆ ದಿನಗಳಲ್ಲಿ ಸಕ್ಕರೆಯು ಗಾಳಿಯ ತೇವವನ್ನೇ ಕುಡಿದು, ಕೋಲುಗಳು ಬಾಡಿದ ಬೀನ್ಸಿನಂತೆ ಬಳುಕುತ್ತಿದ್ದವು. ಕೊನೆಗೆ ಶುಂಠಿಯ ಬಿಸ್ಕತ್ತಿನ ಹಿಟ್ಟಿನಿಂದ ಕೋಲುಗಳನ್ನು ಕತ್ತರಿಸಿ ಬೇಯಿಸಿದೆವು. ಬಣ್ಣದಲ್ಲಿಯೂ ಮರಕ್ಕೆ ಅದೇ ಹತ್ತಿರವಾಯಿತು.

ಉಳಿದುದು ಹುಲ್ಲು. ಹಲವು ತೂತುಗಳಿರುವ ಮೂತಿಯನ್ನು ಚೀಲಕ್ಕೆ ಸಿಕ್ಕಿಸಿ, ಲೇಪವನ್ನು ಹಿಂಡಿ, ಮೇಲಕ್ಕೆಳೆದು ಬಿಟ್ಟರೆ ಹುಲ್ಲಿನ ಒಂದು ತೆನೆ ನಿಲ್ಲುತ್ತದೆ. ಬಯಲಿನ ಸುತ್ತಲೂ ಪಕ್ಕಗಳಲ್ಲಿಯೂ ಇಂಥ ಸಾವಿರ ತೆನೆಗಳು ಬೇಕು. ನನ್ನ ಹುಲ್ಲು ಪರೇಡಿಗೆ ನಿಂತ ಸಿಪಾಯಿಗಳಂತೆ ಒಂದೇ ಎತ್ತರ, ಒಂದೇ ಅಂತರ. ಆಕೆ ಸ್ವಲ್ಪ ಹೊತ್ತು ನೋಡಿದಳು. ಬಳಿಕ, ‘ಇಲ್ಲಿ ಕೊಡಿ’ ಎಂದು ಚೀಲವನ್ನು ತೆಗೆದುಕೊಂಡಳು. ಕೈ ನಡುಗಿತು. ಚೀಲದ ಮೂತಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹೊಯ್ದಾಡಿತು. ತೆನೆಗಳು ಒಂದು ಕುಳ್ಳು, ಒಂದು ನೀಳ, ಒಂದು ಬಾಗಿ, ಒಂದು ನೆಟ್ಟಗೆ ಎದ್ದುವು. ಒಂದು ಗೇಣು ಮುಗಿಯುವಷ್ಟರಲ್ಲಿ ಅಲ್ಲಿದ್ದುದು ಗಾಳಿಗೆ ಒಲೆದ ನಿಜವಾದ ಹುಲ್ಲು; ಪಕ್ಕದಲ್ಲಿದ್ದ ನನ್ನದು ಬರಿಯ ಬಣ್ಣದ ಬೆಣ್ಣೆ. ನಾನು ನನ್ನದನ್ನು ಕೆರೆದು ತೆಗೆದುಬಿಟ್ಟೆನು. ಪೂರ್ತಿ ಮುಗಿಸಲು ಆಕೆಗೆ ಎರಡು ಗಂಟೆ ಹಿಡಿಯಿತು. ನಡುನಡುವೆ ಕೈಯನ್ನು ಮಡಿಲಲ್ಲಿಟ್ಟು ವಿರಮಿಸಬೇಕಾಯಿತು. ನಾನು ಚೀಲವನ್ನು ತುಂಬಿಕೊಡುತ್ತಿದ್ದೆನು. ಬಿಳಿಯ ಗೆರೆಗಳನ್ನೂ ಎರಡು ಕಾಲುವೃತ್ತಗಳನ್ನೂ ನಾನೇ ಎಳೆದೆನು; ಅವಕ್ಕೆ ನೇರವಾದ ಕೈ ಬೇಕು.

ಸಂಜೆಗೆ ಮೂವತ್ತು ಮಂದಿ ಸೇರಿದರು. ಮೊಮ್ಮಗಳು ಚೂರಿಯನ್ನು ಹಿಡಿದು, ಗೋಲಿನ ಕಡೆಯಿಂದಲೇ ಕತ್ತರಿಸಿದಳು. ಹುಲ್ಲನ್ನು ಮುಟ್ಟಿ, ‘ಇದನ್ನು ಯಾರು ಮಾಡಿದರು? ನಾವು ಆಡಿದ ಬಯಲಿನಲ್ಲಿ ಹೀಗೆಯೇ ಇತ್ತು’ ಎಂದಳು. ‘ಅಜ್ಜಿ’ ಎಂದೆನು. ಅವಳಿಗೆ ಅದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ, ಅಜ್ಜಿಯಲ್ಲದೆ ಇನ್ನಾರು? ಕಡ್ಡಿಗಳನ್ನು ನಾನು ಎಣಿಸಿ ತೆಗೆದೆನು, ಐದೂ ಇದ್ದುವು.

ಅಂದಿನಿಂದ ಆಕೆಯ ಕೇಕುಗಳ ಅಳತೆಗಳನ್ನು ನಾನೊಂದು ನೋಟುಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದೇನೆ. ಆಕೆ ಹೇಳುತ್ತಾಳೆ, ನಾನು ಬರೆದು ಓದಿಹೇಳುತ್ತೇನೆ, ಆಕೆ ತಿದ್ದುತ್ತಾಳೆ. ಅನೇಕ ಕಡೆ ‘ಸಾಕಾಗುವಷ್ಟು’ ಎಂದು ಹೇಳಿಬಿಡುತ್ತಾಳೆ. ಸಾಕಾಗುವಷ್ಟೆಂದರೆ ಎಷ್ಟು ಎಂದು ಕೇಳಿದರೆ, ಮಾಡಿ ನೋಡಿ ತಿಳಿಯಬೇಕೆನ್ನುತ್ತಾಳೆ. ಹಾಗೆಯೇ ಬರೆದುಕೊಳ್ಳುತ್ತೇನೆ. ಬೆಳಗಿನ ಕಾಫಿಯನ್ನು ಈಗ ನಾನೇ ಸೋಸುತ್ತೇನೆ. ಆಕೆಗೆ ಅರ್ಧರ್ಧ ಲೋಟದಂತೆ ಎರಡು ಸಾರಿ ಕೊಡುತ್ತೇನೆ, ಚೆಲ್ಲುವುದಿಲ್ಲ. ಕಾಫಿಯ ಬರಗಾಲದ ಹಾಸ್ಯವನ್ನು ಬಿಟ್ಟಿದ್ದೇನೆ. ನೆಂಟರು ನೆನಪಿಸಿದಾಗ ಆಕೆಯೇ ಅದನ್ನು ಹೇಳಿ ನಗುತ್ತಾಳೆ.